ಸಕಲೇಶಪುರಕ್ಕೆ ಬರುವ ಬೈಕ್ ಸವಾರರಿಗೆ



ಶನಿವಾರ ನಸುಕಿನಲ್ಲೇ ಬೆಂಗಳೂರು ಬಿಟ್ಟು, ಹಾಸನ ದಾಟಿ, ಸುಮಾರು 220 ಕಿಲೋಮೀಟರ್ ಓಡಿಸಿಕೊಂಡು ನಮ್ಮೂರಿಗೆ ಬರುವ ನಿಮಗೆ ಈ ಪತ್ರ. ಬರಬೇಡಿ ಎಂದು ಹೇಳಲು ಬರೆಯುತ್ತಿಲ್ಲ. ಸಕಲೇಶಪುರದಿಂದ ಬಿಸಿಲೆ ಘಾಟಿಯಲ್ಲಿ ಕುಕ್ಕೆ ಕಡೆಗೆ ಇಳಿಯುವ ರಸ್ತೆ ಬೈಕಿನಲ್ಲೇ ಹೋಗಿ ನೋಡಬೇಕಾದದ್ದು. ಕಾರಿನಲ್ಲಿ ಗಾಜು ಏರಿಸಿ ಕೂತವರಿಗೆ ಆ ಕಾಡಿನ ತಂಪು ಮೈಗೆ ತಾಗುವುದಿಲ್ಲ. ನನ್ನ ತಕರಾರು ರಸ್ತೆ ಬಿಟ್ಟು ಗುಡ್ಡ ಹತ್ತುವ ಚಕ್ರಗಳ ಬಗ್ಗೆ, ಸದ್ದಿಗಾಗಿಯೇ ಬದಲಾಯಿಸಿದ ಸೈಲೆನ್ಸರ್‌ಗಳ ಬಗ್ಗೆ.

ನೀವು ಬೈಕ್ ಹತ್ತಿಸುವ ಹುಲ್ಲುಗುಡ್ಡಗಳು ಪಾಳುಬಿದ್ದ ಜಾಗವಲ್ಲ. ಮೇಲೆ ಹುಲ್ಲು, ಕೆಳಗಿನ ಮಡಿಕೆಗಳಲ್ಲಿ ಶೋಲಾ ಕಾಡು. ಇವೆರಡೂ ಸೇರಿ ಮುಂಗಾರಿನ ನೀರನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆ ಸ್ವಲ್ಪಸ್ವಲ್ಪವಾಗಿ ಹಳ್ಳಗಳಿಗೆ ಬಿಡುತ್ತವೆ. ಒಂದೇ ಜಾಡಿನಲ್ಲಿ ಚಕ್ರಗಳು ಮತ್ತೆಮತ್ತೆ ಉರುಳಿದರೆ ಹುಲ್ಲು ಬೇರುಸಹಿತ ಕಿತ್ತುಬರುತ್ತದೆ, ಅಡಿಯ ಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ. ಮಳೆ ಹಿಡಿದಾಗ ಆ ಜಾಡೇ ಕಾಲುವೆಯಾಗುತ್ತದೆ, ಕ್ರಮೇಣ ಕೊರಕಲಾಗುತ್ತದೆ. ಕೊರಕಲಿನಲ್ಲಿ ಬೈಕ್ ಓಡದೆಂದು ಮುಂದಿನ ಗುಂಪು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಬಿಡಿಸುತ್ತದೆ. ಬಾಡಿಗೆಗೆ ಗುಡ್ಡ ಹತ್ತಿಸುವ ಜೀಪುಗಳದ್ದೂ ಇದೇ ಕೆಲಸ. ನಮ್ಮೂರಿನವು ಎಂದು ಅವುಗಳ ಪರ ವಾದಿಸಲಾರೆ.

ಬಿಸಿಲೆ ದಾರಿಯ ಮಂಕನಹಳ್ಳಿಯ ಏಣಿನಲ್ಲಿ, ನೀರು ಎರಡು ಕಡೆಗೆ ಹರಿಯುವ ಜಾಗವನ್ನು ಗುರುತಿಸುವ ಬ್ರಿಟಿಷರ ಕಾಲದ ಕಲ್ಲೊಂದಿದೆ. ಅಲ್ಲಿ ಬಿದ್ದ ಮಳೆ ಪಶ್ಚಿಮಕ್ಕೆ ಇಳಿದರೆ ಕುಮಾರಧಾರೆ, ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ. ಪೂರ್ವಕ್ಕೆ ಇಳಿದರೆ ಹೇಮಾವತಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ. ಹೇಮಾವತಿ ಗೊರೂರು ಅಣೆಕಟ್ಟೆ ದಾಟಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನ ನಲ್ಲಿಗಳಿಗೆ ಬರುವುದು ಅದೇ ಕಾವೇರಿ. ಭಾನುವಾರ ಇಲ್ಲಿ ಗುಡ್ಡ ಕೊರೆದವರು ಸೋಮವಾರ ಅಲ್ಲಿ ಕುಡಿಯುವ ನೀರಿನಲ್ಲಿ ಈ ಗುಡ್ಡಗಳ ಪಾಲೂ ಇದೆ.

ಸದ್ದಿನ ವಿಷಯ ಇದಕ್ಕಿಂತ ತುರ್ತಿನದು. ಸಕಲೇಶಪುರ, ಆಲೂರು ಕಡೆ ಕಾಡಾನೆಗಳು ಕಾಫಿ ತೋಟಗಳಲ್ಲೇ ಬೀಡುಬಿಡುತ್ತವೆ. ಎಂಟು ಬಾರಿ ಮೈಸೂರು ದಸರಾದ ಅಂಬಾರಿ ಹೊತ್ತ ಸಾಕಾನೆ ಅರ್ಜುನ, 2023ರ ಡಿಸೆಂಬರ್ 4ರಂದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ. ಅಂಥ ಬಲಶಾಲಿಯೇ ಬಿದ್ದ ನೆಲದಲ್ಲಿ ಹೆಂಗಸರು ಬೆಳಗ್ಗೆ ಬುತ್ತಿ ಹಿಡಿದು ತೋಟದ ಕೆಲಸಕ್ಕೆ ನಡೆದುಹೋಗುತ್ತಾರೆ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ, ನಿಜ. ಸಿಗ್ನಲ್ ಇಲ್ಲದ ಕಡೆ ಅದು ತಲುಪುವುದಿಲ್ಲ. ಮಂಜು ಕವಿದರೆ ಹತ್ತು ಮಾರು ಆಚೆ ಏನೂ ಕಾಣದು. ಆಗ ಅವರನ್ನು ಕಾಯುವುದು ಕಿವಿ. ಬಿದಿರು ಮುರಿದ ಸದ್ದು, ಬೈನೆ ಮರ ಸೀಳುವ ಸದ್ದು, ಲೈನ್ ಮನೆಯ ನಾಯಿ ಇದ್ದಕ್ಕಿದ್ದಂತೆ ಬೊಗಳಿದ್ದು, ಇವನ್ನು ಕೇಳಿಸಿಕೊಂಡೇ ಅವರು ದಾರಿ ಬದಲಿಸುತ್ತಾರೆ. ನಿಮ್ಮ ಗುಂಪು ಅಬ್ಬರಿಸುತ್ತಾ ಹಾದುಹೋಗುವಾಗ ಇವು ಯಾವುವೂ ಕೇಳಿಸುವುದಿಲ್ಲ. ಬೆದರಿದ ಆನೆ ಯಾವ ಕಡೆ ನುಗ್ಗೀತೆಂದು ಯಾರೂ ಹೇಳಲಾರರು. ಅಷ್ಟರಲ್ಲಿ ನೀವು ಮುಂದಿನ ತಿರುವು ದಾಟಿರುತ್ತೀರಿ. ಆನೆಗೆ ಎದುರಾಗುವವರು ಆ ಹೆಂಗಸರು. ಅದರಲ್ಲೂ ನವೆಂಬರ್‌ನಿಂದ ಫೆಬ್ರುವರಿವರೆಗೆ, ನೀವು ಹೆಚ್ಚಾಗಿ ಬರುವ ತಿಂಗಳುಗಳಲ್ಲೇ, ಕಾಫಿ ಹಣ್ಣಿನ ಕೊಯ್ಲಿಗೆ ತೋಟಗಳಲ್ಲಿ ಜನ ತುಂಬಿರುತ್ತಾರೆ.

ಇಷ್ಟು ದೂರ ಸುಸ್ತಾಗದೆ ಬೈಕ್ ಓಡಿಸಿ ಬರುವವರ ಕೌಶಲ್ಯದ ಬಗ್ಗೆ ನನಗೆ ಗೌರವವಿದೆ. ಬಿಸಿಲೆಯ ತಿರುವುಗಳು ಆ ಕೌಶಲ್ಯಕ್ಕೆ ಸಾಕಷ್ಟು ಕೆಲಸ ಕೊಡುತ್ತವೆ. ಅದಕ್ಕೆ ಹುಲ್ಲುಗುಡ್ಡದ ನೆತ್ತಿಯೇ ಬೇಕಿಲ್ಲ. ಗುಡ್ಡದ ಬುಡದಲ್ಲಿ ಬೈಕ್ ನಿಲ್ಲಿಸಿ, ಹತ್ತಲು ಅನುಮತಿ ಇರುವ ಕಡೆ ನಡೆದು ಹತ್ತಿ. ಕಂಪನಿ ಕೊಟ್ಟ ಸೈಲೆನ್ಸರ್‌ನಲ್ಲೇ ಬನ್ನಿ. ತೋಟದ ಪಕ್ಕದ ರಸ್ತೆಯಲ್ಲಿ ಕೆಲಸದವರು ಕಂಡರೆ ವೇಗ ತಗ್ಗಿಸಿ, ಮುಂದೆ ಆನೆ ಇದೆಯೇ ಎಂದು ಕೇಳಿ. ಇದೆ ಎಂದರೆ ದಯವಿಟ್ಟು ಹಿಂದಕ್ಕೆ ತಿರುಗಿ.

ಇತಿ,
ಸಕಲೇಶಪುರ ಸೀಮೆಯ ಒಬ್ಬ ನಿವಾಸಿ