ಡಾಮರು ಕಾಣದ ದಾರಿ

ನಮ್ಮ ಮನೆಯಲ್ಲಿ ಮೂರು ತಲೆಮಾರು ಸರಕಾರಕ್ಕೆ ಅರ್ಜಿ ಕೊಟ್ಟದ್ದು ಒಂದೇ ವಿಷಯಕ್ಕೆ: ರಸ್ತೆಗೆ ಡಾಮರು ಹಾಕಿಸಿ ಕೊಡಬೇಕು. ಅಜ್ಜ ಕೊಟ್ಟರು, ಅಪ್ಪ ಕೊಟ್ಟರು, ನಾನೂ ಕೊಟ್ಟೆ. ಕೊನೆಗೊಂದು ಚುನಾವಣೆಯ ಪುಣ್ಯದಿಂದ ಡಾಮರಿನ ಬದಲು ಕಾಂಕ್ರೀಟೇ ಬಂತು. ಅದರ ಮೇಲೆ ಹಾಯಾಗಿ ಓಡಾಡಿಕೊಂಡಿರುವ ಹೊತ್ತಿಗೆ, ಮಣಿಪಾಲದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿಯ ಮಗ ಹೊಸ ಸೈಕಲ್ ತಂದು ಜಗಲಿಗೆ ಒರಗಿಸಿದ. ನಿಲ್ಲಿಸಿದ ಎನ್ನುವಂತಿಲ್ಲ, ಅದಕ್ಕೆ ಸ್ಟ್ಯಾಂಡ್ ಇಲ್ಲ. "ಮಾವ, ಈ ಕಡೆ ಡಾಮರು ಆಗದ ರಸ್ತೆ ಎಲ್ಲೆಲ್ಲಿ ಉಂಟು?" ಎಂದು ಕೇಳಿದ.

ಅದು ಗ್ರಾವೆಲ್ ಬೈಕ್ ಅಂತೆ. ಹ್ಯಾಂಡಲ್ ರೇಸ್ ಸೈಕಲ್ಲಿನದು, ಕೆಳಗೆ ಬಾಗಿದ್ದು. ಟಯರ್ ಮಾತ್ರ ಅಗಲ. ಮಣ್ಣು, ಜಲ್ಲಿ, ಕಾಡುದಾರಿ ಎಲ್ಲಕ್ಕೂ ಆಗುತ್ತದೆ. ಅಮೆರಿಕದ ಕಾನ್ಸಾಸ್‌ನಲ್ಲಿ 2006ರಿಂದ ಇದರ ದೊಡ್ಡ ಓಟವೇ ನಡೆಯುತ್ತದೆ, 200 ಮೈಲಿ, ಎಲ್ಲ ಕಲ್ಲುದಾರಿ ಎಂದೂ ವಿವರಿಸಿದ. ನಾನು ಸೈಕಲ್ಲಿಗೆ ಒಂದು ಪ್ರದಕ್ಷಿಣೆ ಬಂದೆ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್‌ಕೇಸ್ ಇಲ್ಲ, ಬೆಲ್ಲೂ ಇಲ್ಲ. ಬೆಲೆ ಲಕ್ಷ ದಾಟಿದ್ದು. ಇಲ್ಲದ್ದಕ್ಕೆಲ್ಲ ಹಣ ಕೊಟ್ಟು ಬಂದಿದ್ದಾನೆ ಎಂದುಕೊಂಡೆ.

"ಟಯರ್ ನೋಡಿ ಮಾವ, 40 ಮಿಲಿಮೀಟರ್" ಎಂದ. ನನಗೆ ಏನೋ ಹೊಳೆದು, ಕೊಟ್ಟಿಗೆಯಲ್ಲಿ ತೆಂಗಿನ ಸೋಗೆಯ ಹಿಂದಿದ್ದ ಹಳೆಯ ಅಟ್ಲಾಸನ್ನು ಎಳೆದು ಧೂಳು ಒರೆಸಿದೆ. ಟಯರಿನ ಮೈಮೇಲೆ 28 x 1½ ಎಂದು ಅಚ್ಚೊತ್ತಿದೆ. ಒಂದೂವರೆ ಇಂಚೆಂದರೆ ಲೆಕ್ಕಕ್ಕೆ 38 ಮಿಲಿಮೀಟರ್. ಎರಡು ಮಿಲಿಮೀಟರಿಗೆ ಲಕ್ಷ ರೂಪಾಯಿ! ಮೀನಿನವರು, ಅಂಚೆಯವರು, ಪಿಗ್ಮಿ ಕಲೆಕ್ಟರು ಎಲ್ಲ ಈ ಟಯರಿನಲ್ಲೇ ಊರು ಸುತ್ತಿದವರು. ಪಿಗ್ಮಿ ಎಂದರೆ ನಮ್ಮ ಸಿಂಡಿಕೇಟ್ ಬ್ಯಾಂಕಿನ ಯೋಜನೆ, 1928ರದ್ದು. ದಿನಕ್ಕೆ ಎರಡಾಣೆಯಾದರೂ ಸರಿ, ಮನೆ ಬಾಗಿಲಿಗೆ ಬಂದು ಕೊಂಡುಹೋಗುತ್ತಿದ್ದರು. ಆ ಎರಡಾಣೆಗಾಗಿ ಎಷ್ಟು ಗುಡ್ಡೆ ಹತ್ತಿ ಇಳಿದರೋ! ಅವರಿಗೆ ಯಾರೂ ಪದಕ ಕೊಡಲಿಲ್ಲ, ಕೂತುಕೊಳ್ಳಲು ಮಣೆ ಕೊಟ್ಟರು, ಕುಡಿಯಲು ಬೆಲ್ಲ ನೀರು ಕೊಟ್ಟರು.

ಗೇರಿನ ವಿಷಯದಲ್ಲಿ ಮಾತ್ರ ಅವನದೇ ಮೇಲು, ಒಪ್ಪಬೇಕು. ಪರ್ಕಳದಿಂದ ಮಣಿಪಾಲದ ಏರಿಗೆ ಅವನು ಮಾತಾಡುತ್ತಾ ಹತ್ತುತ್ತಾನೆ. ನಾನು ಅಟ್ಲಾಸನ್ನು ದೂಡಿಕೊಂಡು, ಪರಿಚಯದವರು ಎದುರಾದರೆ ಪಂಕ್ಚರ್ ಎನ್ನುತ್ತೇನೆ.

ನಮ್ಮ ಗ್ರಾವೆಲ್ ಎಂದರೆ ಮುರಕಲ್ಲೇ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪೆನಿ ಸರಕಾರದ ವೈದ್ಯ ಕಾರ್ಕಳ, ಉಡುಪಿಯ ಮೇಲಾಗಿ ಹಾದುಹೋದ. ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನೂ ಅವನೇ, 1807ರ ತನ್ನ ಪುಸ್ತಕದಲ್ಲಿ. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಅದರಿಂದಲೇ ಮನೆ, ಅದರಿಂದಲೇ ಬಾವಿಯ ಕಟ್ಟೆ, ಪಾಗಾರ, ದೈವಸ್ಥಾನದ ಮೆಟ್ಟಿಲು. ಆದರೆ ಸೈಕಲ್ಲಿನವನಿಗೆ ಈ ಕಲ್ಲಿನ ಗುಣ ಬೇರೆಯೇ. ಬೇಸಿಗೆಯಲ್ಲಿ ಇದರ ಕೆಂಪು ಹರಳು ಚಕ್ರದಡಿ ಕಡಲೆಯ ಹಾಗೆ ಉರುಳುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದವ ಮನೆಗೆ ಕುಂಟುತ್ತಾ ಬರುತ್ತಾನೆ. ಮಳೆಗಾಲದಲ್ಲಿ ಅದೇ ಪಾದೆಯ ಮೇಲೆ ಹಾವಸೆ ಕಟ್ಟಿ, ನಿಂತಲ್ಲೇ ಜಾರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಈ ಆಟಕ್ಕೆ ಸಿಗುವುದು ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು. ಆಮೇಲಿನದು ಬೆವರಿನ ಕಾಲ. ಟಯರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಸಿಗುತ್ತದೆ ಎಂದು ಅವನು ಒತ್ತಿ ನೋಡಿ ಇಳಿಸುತ್ತಾನೆ. ನನ್ನದು ತಾನಾಗಿಯೇ ಇಳಿದಿರುತ್ತದೆ.

ಹೊಳೆಯ ಬದಿ ಹಿಡಿದು ಹೋಗುವ ಎಂದು ನಾನೇ ಹೇಳಿದೆ. ಮಣಿಪಾಲದ ಎಂಡ್ ಪಾಯಿಂಟಿನಿಂದ ಬಗ್ಗಿ ನೋಡಿದರೆ ಸ್ವರ್ಣಾ ಕೆಳಗೆ ಮೈ ಮುರಿದುಕೊಂಡು ಬಿದ್ದಿರುತ್ತಾಳೆ. ಕಾರ್ಕಳದ ಘಟ್ಟದ ಕಡೆಯಿಂದ ಇಳಿದು, ಎಣ್ಣೆಹೊಳೆ ದಾಟಿ, ಹಿರಿಯಡ್ಕದ ಬಜೆ ಅಣೆಕಟ್ಟಿನಲ್ಲಿ ಉಡುಪಿ ಪೇಟೆಗೆ ಕುಡಿಯುವ ನೀರು ಕೊಟ್ಟು, ಕೊನೆಗೆ ಕೋಡಿ ಬೆಂಗ್ರೆಯಲ್ಲಿ ಸೀತೆಯ ಜೊತೆ ಕಡಲಿಗೆ ಸೇರುವವಳು. ಮೇಲಿಂದ ನೋಡುವಾಗ ದಡದ ದಾರಿ ಸಲೀಸು ಕಾಣುತ್ತದೆ. ಅವನ ಮೊಬೈಲಿನ ನಕಾಶೆಯಲ್ಲಿಯೂ ಸಣ್ಣ ಚುಕ್ಕಿಗೆರೆ ಉಂಟು. ಆದರೆ ತುಳುನಾಡಿನ ಮನೆಗಳು ಬಯಲುಸೀಮೆಯ ಹಾಗೆ ಒಂದರ ಹೆಗಲಿಗೆ ಒಂದು ತಾಗಿ ಕೂತವಲ್ಲ. ಬೈಲಿಗೊಂದು, ಗುಡ್ಡೆಯ ಬುಡಕ್ಕೊಂದು. ಹಾಗಾಗಿ ಇಲ್ಲಿನ ಕಾಲುದಾರಿ ಹಾಡಿಯಲ್ಲಿ ಶುರುವಾಗಿ ಕಟ್ಟಪುಣಿಯ ಮೇಲೆ ನಡೆದು ಯಾರದೋ ಅಂಗಳದಲ್ಲಿ ಮುಗಿಯುತ್ತದೆ. ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ಅಡಿಕೆಯ ಮೇಲೆ ಸೈಕಲ್ ಹಾಯಿಸುವಂತಿಲ್ಲ. ಹೆಲ್ಮೆಟ್ ತೆಗೆದು, ಬದಿಯಿಂದ ನಡೆದು, ಹಟ್ಟಿಯ ಹಿಂದೆ ದಾರಿ ಉಂಟೋ ಎಂದು ಕೇಳಬೇಕು. ದಾರಿ ಹೇಳುವ ಮೊದಲು ಯಾವ ಮನೆ, ಯಾರ ಮಗ, ಮದುವೆಯಾಯಿತೋ ಎಂಬುದೆಲ್ಲ ಇತ್ಯರ್ಥವಾಗಬೇಕು. ಮುಂದೆ ತೋಡು. ತೋಡಿಗೆ ಎರಡು ಅಡಿಕೆ ಮರದ ಕಾಲುಸಂಕ. ಅಲ್ಲಿ ಲಕ್ಷ ರೂಪಾಯಿ ಸೈಕಲ್ಲು ಅವನ ಹೆಗಲೇರುತ್ತದೆ.

ನಾಯಿಗಳ ವಿಷಯ ಬೇಡ. ಅವು ಎರಡೂ ಸೈಕಲ್ಲುಗಳನ್ನು ಭೇದವಿಲ್ಲದೆ ಅಟ್ಟಿಸುತ್ತವೆ.

ಕಾಪುವಿನ ಕಡೆಗೂ ಹೋಗಿ ಬಂದೆವು. 1901ರ ದೀಪಸ್ತಂಭ ಚೆನ್ನ, ಮಟ್ಟುವಿನಲ್ಲಿ ಗುಳ್ಳದ ಗದ್ದೆ ಚೆನ್ನ, ಒಂದು ಬದಿ ಕಡಲು ಇನ್ನೊಂದು ಬದಿ ಹೊಳೆ ಇರುವ ಆ ಸಪುರ ದಾರಿಯಂತೂ ಇನ್ನೂ ಚೆನ್ನ. ಆದರೆ ರಸ್ತೆ ಬಿಟ್ಟರೆ ಹೊಯಿಗೆ. ಹೊಯಿಗೆಯಲ್ಲಿ 40 ಮಿಲಿಮೀಟರೂ ಹೂತುಹೋಗುತ್ತದೆ. ಅಲ್ಲಿ ಬೊಂಡ ಕುಡಿದು ಬರುವುದೇ ಬುದ್ಧಿವಂತಿಕೆ.

ಕಾಡು ಬೇಕೆಂದರೆ ಕಾರ್ಕಳಕ್ಕೇ ಹೋಗಬೇಕು. ಈಚೆಯ ಗುಡ್ಡೆಗಳಲ್ಲಿ ಕಾಡೆಂದು ಕಾಣುವುದರಲ್ಲಿ ಅಕೇಶಿಯಾ, ಗೇರು ತೋಪುಗಳೇ ಹೆಚ್ಚು. ಅದನ್ನು ಕಾಡೆಂದರೆ ನವಿಲುಗಳಿಗೆ ಮಾತ್ರ ಸಂತೋಷ. ಬಜಗೋಳಿ ದಾಟಿ ಮಾಳದ ಕಡೆ ತಿರುಗಿದಾಗ ನೆರಳಿನ ಬಣ್ಣವೇ ಬದಲಾಗುತ್ತದೆ. ಅದರಾಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಬೇಕಾದಲ್ಲಿ ಸೈಕಲ್ ನುಗ್ಗಿಸುವಂತಿಲ್ಲ, ನುಗ್ಗಿಸಲೂಬಾರದು. ಬರುವಾಗ ಗೊಮ್ಮಟ ಬೆಟ್ಟದ ಬುಡದಲ್ಲಿ ಕೂತು ಉಸಿರು ಬಿಟ್ಟೆವು. 42 ಅಡಿಯ ಆ ಮೂರ್ತಿಯನ್ನು 1432ರಲ್ಲಿ ನಿಲ್ಲಿಸುವಾಗ ಇಪ್ಪತ್ತು ಗಾಲಿಯ ಬಂಡಿಯಲ್ಲಿ ಬಂಡೆಯ ಮೇಲಕ್ಕೆ ಎಳೆದು ತಂದರೆಂದು ಹೇಳಿಕೆ. "ಗೇರ್ ಎಷ್ಟಿತ್ತಂತೆ?" ಎಂದು ಕೇಳಿದೆ. ಅವನು ನಗಲಿಲ್ಲ, ತೊಡೆ ಉಜ್ಜಿಕೊಳ್ಳುತ್ತಿದ್ದ.

ಹಿರಿಯಡ್ಕದಿಂದ ಒಳಗೆ, ಹೊಳೆಯ ಕಡೆ ಇಳಿಯುವ ಒಂದು ರಸ್ತೆ ಅವನಿಗೆ ಪ್ರಾಣ. ಒಂದೇ ಒಂದು ಕಡೆಯೂ ಡಾಮರಿಲ್ಲ. ಮೊನ್ನೆ ಅಲ್ಲಿ ನಿಂತು ರಸ್ತೆಯ ಫೋಟೊ ತೆಗೆಯುತ್ತಿದ್ದ. ಬಗ್ಗಿ ಮಣ್ಣಿನದ್ದು, ಎದ್ದು ತಿರುವಿನದ್ದು. ತೋಟದಿಂದ ಹುಲ್ಲಿನ ಹೊರೆ ಹೊತ್ತು ಬಂದ ಹೆಂಗಸು ಹೊರೆ ಇಳಿಸಿದರು.

"ಅಂತೂ ಬಂದ್ರಲ್ಲ! ಸರ್ವೆಗೆ ಅಲ್ವಾ?"

"ಅಲ್ಲಮ್ಮ, ಸುಮ್ಮನೆ ಸೈಕಲ್ ಬಿಡ್ಲಿಕ್ಕೆ."

"ಈ ರಸ್ತೆಯಲ್ಲಾ?" ಅವರು ನನ್ನ ಮುಖ ನೋಡಿದರು. ನಾನು ಅಟ್ಲಾಸಿನ ಬೆಲ್ ನೋಡಿದೆ. "ಇಲ್ಲಿಗೆ ರಿಕ್ಷಾ ಬರುದಿಲ್ಲ ಮಾರಾಯ್ರೆ. ಹೋದ ಮಳೆಗಾಲದಲ್ಲಿ ನಮ್ಮ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ಕೊಂಡು ಹೋದದ್ದು. ನಿಮಗೆ ಬರೀಲಿಕ್ಕೆ ಬರ್ತದಲ್ಲ, ಪಂಚಾಯತಿಗೆ ಒಂದು ಅರ್ಜಿ ಬರೆದು ಕೊಡಿ."

ಹುಡುಗ ಇಂಗ್ಲಿಷ್ ಮೀಡಿಯಂ. ಜಗಲಿಯಲ್ಲಿ ಕೂತು ನಾನು ಹೇಳಿದೆ, ಅವನು ಬರೆದ. 'ಸದರಿ ರಸ್ತೆಯು ಸಂಚಾರಕ್ಕೆ ತೀರಾ ಅಯೋಗ್ಯವಾಗಿದ್ದು' ಎನ್ನುವಲ್ಲಿ ಒಮ್ಮೆ ತಲೆ ಎತ್ತಿದ. "ಬರಿ" ಎಂದೆ, ಮೂರು ತಲೆಮಾರಿನಿಂದ ಬಂದ ವಾಕ್ಯ ಅದು, ಬದಲಾಯಿಸುವಂತಿಲ್ಲ. ಫೋಟೊಗಳನ್ನೂ ಲಗತ್ತಿಸಿದೆವು. ಬಹಳ ಚೆನ್ನಾಗಿ ಬಂದಿದ್ದವು, ಒಂದೊಂದು ಹೊಂಡವೂ ಸ್ಪಷ್ಟ.

ಈಗ ಅಲ್ಲಿ ಎರಡು ಲೋಡು ಜಲ್ಲಿ ಬಂದು ಬಿದ್ದಿದೆಯಂತೆ. "ಇನ್ನು ಹೆಬ್ರಿ ಕಡೆ ನೋಡುವ ಮಾವ" ಎಂದು ಅವನು ನಿನ್ನೆ ಫೋನ್ ಮಾಡಿದ್ದ. ಬರುವಾಗ ಒಂದು ಪೆನ್ನು, ನಾಲ್ಕು ಬಿಳಿ ಹಾಳೆ ಇಟ್ಟುಕೊಳ್ಳಲು ಹೇಳಿದ್ದೇನೆ.