ಭಂಡಾರಿಯ ಬಲಗಣ್ಣು

ಬಸವಣ್ಣನವರ ಚಿತ್ರ ಬರೆಯಲು ಕೂತವನಿಗೆ ಒಂದು ದೊಡ್ಡ ಅನುಕೂಲವಿದೆ. ಅವರನ್ನು ಕಣ್ಣಾರೆ ಕಂಡವರು ಯಾರೂ ಈಗಿಲ್ಲ. ಅರ್ಜುನವಾಡದ 1260ರ ಶಾಸನದಲ್ಲಿ ಹೆಸರೇನೋ ಇದೆ, ಮೀಸೆಯ ಪ್ರಸ್ತಾಪವಿಲ್ಲ. ಹಾಗಾಗಿ ‘ಇದು ಅವರಂತಿಲ್ಲ’ ಎಂದು ಸಾಧಿಸಿ ತೋರಿಸಲು ಯಾವ ಗಂಡಸಿಂದಲೂ ಆಗದು. ಈ ಧೈರ್ಯದ ಮೇಲೆಯೇ, ಜಯಂತಿಯ ಹಿಂದಿನ ಸಂಜೆ ನಮ್ಮ ಬಡಾವಣೆಯ ಸಂಘದವರು ಗಾಜೊಡೆದು ಹರಿದ ಪಟ ಹಿಡಿದು ಪೆಚ್ಚಾಗಿ ನಿಂತಿದ್ದಾಗ, ‘ನಾನೇ ಬರೀತೀನಿ ಬಿಡಿ’ ಅಂದುಬಿಟ್ಟೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪಾಸಾದವನು ನಾನು. ಆ ಸರ್ಟಿಫಿಕೇಟಿಗೆ ಇಷ್ಟು ವರ್ಷ ಯಾರೂ ಕೆಲಸ ಕೊಟ್ಟಿರಲಿಲ್ಲ.

ಕೂತ ಮೇಲೆ ತಿಳಿಯಿತು, ಕಂಡವರಿಲ್ಲದಿದ್ದರೂ ಗುರುತು ಹಿಡಿಯುವವರು ಆರು ಕೋಟಿ ಇದ್ದಾರೆ. ಪೇಟ, ದಪ್ಪ ಮೀಸೆ, ರುದ್ರಾಕ್ಷಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಹಣೆಯಲ್ಲಿ ಮೂರೆಳೆ ವಿಭೂತಿ. ಇಷ್ಟಿದ್ದರೆ ಕೆಳಗಿನ ಮುಖ ಯಾರದಾದರೂ ನಡೆಯುತ್ತದೆ. ನನಗೆ ಯಾರ ಮುಖ ಬರಬೇಕು? ಹಳೆಯ ಪೌರಾಣಿಕ ಸಿನಿಮಾ ನೋಡಿ ಬೆಳೆದ ಕೈ, ತನ್ನಷ್ಟಕ್ಕೆ ರಾಜ್‌ಕುಮಾರರ ಮೂಗನ್ನು ಎಳೆಯಿತು. ಒಳ್ಳೆಯ ಮೂಗು, ಬಿಡಲು ಮನಸ್ಸಾಗಲಿಲ್ಲ. ‘ಜಗಜ್ಯೋತಿ ಬಸವೇಶ್ವರ’ ನೋಡಿದ್ದ ಪಕ್ಕದ ಮನೆಯ ಅಜ್ಜಿ ಬಂದು ಕನ್ನಡಕ ಸರಿಮಾಡಿಕೊಂಡು ಅಂದರು: ‘ಅಯ್ಯೋ, ಆ ಪಿಚ್ಚರ್‌ನಲ್ಲಿ ಬಸವಣ್ಣ ಆಗಿದ್ದು ಹೊನ್ನಪ್ಪ ಭಾಗವತರಲ್ವೇನಪ್ಪಾ, ರಾಜ್‌ಕುಮಾರ್ ಬಿಜ್ಜಳ!’ 1959ರ ಸಿನಿಮಾ, ಅಜ್ಜಿಯ ನೆನಪು ನಿಚ್ಚಳವಾಗಿದೆ. ಹೀಗೆ ಬಿಜ್ಜಳನ ಮೂಗಿನ ಮೇಲೆಯೇ ಬಸವಣ್ಣನವರು ಮುಂದುವರಿದರು.

ಮುಂದಿನದು ಕಣ್ಣು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಎಡಗಣ್ಣನ್ನು ಬರೆದೆ. ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟ ಕಣ್ಣು, ಅರೆಮುಚ್ಚಿದ ರೆಪ್ಪೆ, ಗುಡ್ಡೆ ಅಂಗೈಯತ್ತ. ನಾನೇ ಕೈಮುಗಿಯುವ ಹಾಗೆ ಬಂತು. ಬಲಗಣ್ಣನ್ನೂ ಹಾಗೆಯೇ ಬರೆಯಲು ಹೊರಟೆ. ಅಷ್ಟರಲ್ಲಿ ಕಾಫಿ ಬಂತು. ಕಾಫಿ ಮುಗಿಸಿ ನೋಡುತ್ತೇನೆ, ಬಲಗಣ್ಣು ಅಗಲವಾಗಿ ತೆರೆದು, ಲಿಂಗವನ್ನು ಬಿಟ್ಟು, ಹಾಳೆಯ ಬಲಮೂಲೆಯಲ್ಲಿ ಏನನ್ನೋ ಎಣಿಸುತ್ತಿದೆ. ಅಳಿಸಲು ರಬ್ಬರ್ ಎತ್ತಿದವನು ಹಾಗೇ ನಿಂತೆ. ಆ ಮೂಲೆಯಲ್ಲಿ ಏನಿರಬಹುದು? ಬೊಕ್ಕಸ! ಅವರು ದೊರೆ ಬಿಜ್ಜಳನ ಭಂಡಾರಿಯಲ್ಲವೇ? ಬೆಳಗಾದರೆ ಅರಮನೆಯ ಹೊನ್ನು, ಸಂಜೆಯಾದರೆ ಶರಣರ ದಾಸೋಹ. ಒಂದು ಕಣ್ಣು ಕೂಡಲಸಂಗನ ಮೇಲೆ, ಇನ್ನೊಂದು ಖಾತೆಯ ಮೇಲೆ ಇಡದೆ ಯಾವ ಮನುಷ್ಯ ಈ ಎರಡನ್ನೂ ತೂಗಿಸಿಯಾನು? ಕಾಯಕ ಬಲಗಣ್ಣು, ಕೈಲಾಸ ಎಡಗಣ್ಣು. ಹಾಗಂದುಕೊಂಡಷ್ಟೂ ಆ ಮೆಳ್ಳೆ ನನಗೆ ತಾತ್ವಿಕವಾಗಿ ಕಾಣತೊಡಗಿತು. ಇಷ್ಟು ದಿನ ಎರಡೂ ಕಣ್ಣನ್ನು ಒಂದೇ ಕಡೆ ತಿರುಗಿಸಿದ ಕಲಾವಿದರೆಲ್ಲ ಅರ್ಧ ಜೀವನಚರಿತ್ರೆ ಮಾತ್ರ ಬರೆದಿದ್ದಾರೆ ಎಂಬ ತೀರ್ಮಾನಕ್ಕೂ ಬಂದೆ. ಹೆಂಡತಿಗೆ ವಿವರಿಸಿದೆ. ‘ಕಾಫಿ ಲೋಟ ತೊಳೆದಿಡಿ, ಅದೂ ಕಾಯಕವೇ’ ಅಂದಳು.

ಸಂಘದವರು ಒಬ್ಬೊಬ್ಬರಾಗಿ ಬಂದರು. ಒಬ್ಬರಿಗೆ ಕುದುರೆ ಬೇಕಿತ್ತು, ಬೆಂಗಳೂರಿನ ಸರ್ಕಲ್ಲಿನಲ್ಲಿ ಇದೆಯಲ್ಲ ಎಂದು. ಇನ್ನೊಬ್ಬರಿಗೆ ಅಳತೆ ಚಿಕ್ಕದಾಯಿತು, ಬಸವಕಲ್ಯಾಣದಲ್ಲಿ 108 ಅಡಿ ನಿಲ್ಲಿಸಿದ್ದಾರಂತೆ. ಲಂಡನ್ನಿಗೆ ಹೋಗಿ ಬಂದವರೊಬ್ಬರು ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಪ್ರತಿಮೆಯ ಜೊತೆ ತೆಗೆಸಿಕೊಂಡ ಫೋಟೋ ತೋರಿಸಿದರು. ಅದರಲ್ಲಿ ಅವರೇ ಹೆಚ್ಚು ಇದ್ದರು. ಸ್ಥಾವರಕ್ಕೆ ಅಳಿವುಂಟೆಂದು ಸಾರಿದವರನ್ನು ಕಂಚು, ಕಾಂಕ್ರೀಟುಗಳಲ್ಲಿ ಭದ್ರಪಡಿಸಿದ ನಮಗೆ ಈ ಹಾಳೆ ಹಗುರವಾಗಿ ಕಂಡದ್ದು ಸಹಜ. ನನ್ನದು ಪೆನ್ಸಿಲ್ಲಿನದು, ರಬ್ಬರಿಗೆ ಅಳಿಸಿಹೋಗುವಂಥದು. ಆ ಮಟ್ಟಿಗೆ ಜಂಗಮ ಎಂದೆ. ಯಾರೂ ನಗಲಿಲ್ಲ.

ಕೊನೆಗೆ ಬಂದವರು ತುಂಬಾ ಮರ್ಯಾದಸ್ಥರು. ಮೆಳ್ಳೆಗಣ್ಣು ಅವರಿಗೆ ಕಾಣಲೇ ಇಲ್ಲ. ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ‘ಕಪ್ಪು ಜಾಸ್ತಿ ಆಯ್ತಲ್ವಾ ಸಾರ್? ಸ್ವಲ್ಪ ಬೆಳ್ಳಗೆ ಮಾಡಿ. ದೊಡ್ಡ ಮನೆತನದವರು’ ಅಂದರು.

ಅಷ್ಟು ಹೊತ್ತೂ ತಮಾಷೆಯಾಗಿದ್ದ ಕೆಲಸ ಅಲ್ಲಿಗೆ ನಿಂತಿತು. ಹುಟ್ಟಿದ ಮನೆತನವನ್ನು ಬಿಟ್ಟುಬಂದು, ಮಾದಾರ ಚೆನ್ನಯ್ಯನನ್ನು ತಂದೆಯ ಜಾಗದಲ್ಲಿ ಕೂರಿಸಿದ ಮನುಷ್ಯ ಅವರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಇಬ್ಬರು ತಂದೆಯರನ್ನೂ ಕೊಂದರು, ಕಲ್ಯಾಣವೇ ಹೊತ್ತಿ ಉರಿಯಿತು ಎಂದು ಪ್ರತಿ ಜಯಂತಿಯಲ್ಲೂ ಭಾಷಣ ಕೇಳುತ್ತೇವೆ, ಕೇಳಿ ಪಾನಕ ಕುಡಿಯುತ್ತೇವೆ. ಹರಳಯ್ಯನ ಚಿತ್ರ ಬರೆದುಕೊಡಿ ಎಂದು ನಮ್ಮ ಸಂಘದಲ್ಲಿ ಯಾರೂ ಕೇಳಿಲ್ಲ. ಕೇಳಿದ್ದರೆ ಅವನಿಗೆ ಯಾವ ಬಣ್ಣವೆಂದು ಈ ಮರ್ಯಾದಸ್ಥರು ದನಿ ತಗ್ಗಿಸುತ್ತಲೂ ಇರಲಿಲ್ಲ.

ನಾನು ಉತ್ತರ ಕೊಡಲಿಲ್ಲ. 6ಬಿ ಪೆನ್ಸಿಲ್ ತೆಗೆದು ಕೆನ್ನೆಗೆ ಇನ್ನೊಂದು ಸುತ್ತು ಕಪ್ಪು ತುಂಬಿದೆ. ‘ಹೋಗ್ಲಿ ಬಿಡಿ, ಮೀಸೆಯಾದರೂ ಚೆನ್ನಾಗಿದೆ’ ಎಂದು ಅವರು ಹೊರಟರು.

ಮರುದಿನ ಅಕ್ಷಯ ತದಿಗೆಯಾದ್ದರಿಂದ ಅರ್ಧ ಬಡಾವಣೆ ಚಿನ್ನದಂಗಡಿಯಲ್ಲಿತ್ತು. ಉಳಿದರ್ಧದ ಮುಂದೆ ಚಿತ್ರ ಕುರ್ಚಿ ಏರಿತು. ಯಾರೋ ಜಾಣರು ಮಲ್ಲಿಗೆ ಹಾರವನ್ನು ಓರೆಯಾಗಿ ಮೇಲೆಳೆದು, ಸರಿಯಾಗಿ ಬಲಗಣ್ಣು ಮುಚ್ಚುವಂತೆ ಹಾಕಿದ್ದರು. ಪೂಜೆ, ಭಾಷಣ, ಪಾನಕ ಎಲ್ಲ ಆಯಿತು. ಆಮೇಲೆ ಕಾರ್ಯದರ್ಶಿಗಳು ಎದ್ದು, ಚಂದಾ ವಸೂಲಿಯ ಲೆಕ್ಕವನ್ನು ಬಹಳ ವೇಗವಾಗಿ ಓದತೊಡಗಿದರು. ‘ಇತರೆ ಖರ್ಚು’ ಎಂಬ ಬಾಬ್ತು ಪದೇ ಪದೇ ಬಂತು. ಯಾರೋ ದೂರು ಹೇಳಿದರೆಂದು ಬಿಜ್ಜಳ ಬೊಕ್ಕಸ ಎಣಿಸಿದಾಗ ಒಂದು ಹೊನ್ನೂ ಕಡಿಮೆ ಬೀಳಲಿಲ್ಲ ಎನ್ನುತ್ತದೆ ಕತೆ. ನಾನು ಎದ್ದು ಮುಂದೆ ಹೋಗಿ, ಭಕ್ತಿಯಿಂದ ನಮಸ್ಕರಿಸಿ, ಹಾರವನ್ನು ನಾಲ್ಕು ಬೆರಳು ಕೆಳಗಿಳಿಸಿ ಬಂದೆ. ಭಂಡಾರಿಗಳೂ ಸ್ವಲ್ಪ ಕೇಳಲಿ, ನೋಡಲಿ.