ಅರ್ಜಿ ಫಾರ್ಮು

(ಗುಡ್ಡಾಪುರದ ದಾನಮ್ಮನ ಗುಡಿ. ದಾಸೋಹದ ಸಾಲಿನಲ್ಲಿ ಕಾಕಾ ಮತ್ತು ಲಂಡನ್ನಿನಿಂದ ಬಂದಿರುವ ಅವರ ತಮ್ಮನ ಮಗ.)

ಕಾಕಾ: ದಾನಮ್ಮ ತಾಯಿ ಅರ್ಜಿ ಕೇಳದ ಉಣ್ಣಾಕ ನೀಡ್ತಾಳ. ನಿಮ್ಮ ಬ್ರಿಟನ್ನಿನಾಗ ಆಸರಾ ಬೇಡಿ ಬಂದವರ ಗತಿ?

ಹುಡುಗ: ಒಂದೀಟು ರೊಕ್ಕ ಕೊಡ್ತಾರ್ರಿ. ಆದ್ರ ದುಡಿಯಂಗಿಲ್ಲ. ಅರ್ಜಿ ಹಾಕಿ 12 ತಿಂಗಳಾದ ಮ್ಯಾಲೆ ಕೆಲಸಕ್ಕ ಪರವಾನಗಿ ಕೇಳಬಹುದು.

ಕಾಕಾ: ಅಲ್ಲೀಮಟ?

ಹುಡುಗ: ‘ಕೂತು ಉಣ್ಣಾಕತ್ತಾರ’ ಅಂತ ಜನ ಬೈತಾರ.

ಕಾಕಾ: ಶಾಣ್ಯಾರು! ಕೈ ಕಟ್ಟಿಹಾಕಿ ಯಾಕ ದುಡಿಯಂಗಿಲ್ಲ ಅನ್ನೂದು. ನಮ್ಮಲ್ಲೆ?

ಹುಡುಗ: ನಾವು 1951ರ ನಿರಾಶ್ರಿತರ ಒಪ್ಪಂದಕ್ಕ ಸಹೀನ ಮಾಡಿಲ್ಲ. ಅವರಿಗಂತ ಕಾಯ್ದೇನೂ ಇಲ್ಲ.

ಕಾಕಾ: ಮತ್ತ ಬೈಲಕುಪ್ಪೆಯೊಳಗ ಟಿಬೆಟ್ಟಿನವರಿಗೆ 1960ರ ಸುಮಾರಿಗೆ ಮೈಸೂರು ಸರಕಾರ 3,000 ಎಕರೆ ಕೊಟ್ಟಿತಲ್ಲೋ? ಕಾಡು ಸವರಿ ಗೋವಿನಜೋಳ ಬೆಳೆದ್ರು, ಥಂಡಿಗೆ ಸ್ವೆಟರ್ ಮಾರಿದ್ರು.

ಹುಡುಗ: ಅದು ಕಾಯ್ದೆ ಅಲ್ರಿ, ಕೃಪೆ. ಎಲ್ಲಾರಿಗೂ ಸಿಗಂಗಿಲ್ಲ. ರೋಹಿಂಗ್ಯಾ ಮಂದೀನ ಕೇಳ್ರಿ.

ಕಾಕಾ: ನಮ್ಮನ್ನೂ ಕೇಳು. ಜತ್ತದಾಗ ಮಳಿ ಇಲ್ಲ ಅಂತ ಕಬ್ಬು ಕಡಿಯಾಕ ಗುಳೇ ಹೋಗ್ತೀವಿ.

ಹುಡುಗ: ನಿಮಗ ಹೊಲ, ಮನಿ, ದೇಶ ಎಲ್ಲಾ ಐತಿ. ನೀವು ನಿರಾಶ್ರಿತರಲ್ಲ ಕಾಕಾ.

ಕಾಕಾ: ಗೊತ್ತೈತಿ. ಅದಕ್ಕ ನಮಗ ಫಾರ್ಮೂ ಇಲ್ಲ!